ಹ್ಯಾಮ್ ಹುಚ್ಚು ಹತ್ತಿದೆ, ಕೈಯಲ್ಲಿ ದುಡ್ಡಿಲ್ಲ: ಸೆಟ್ ಎಲ್ಲಿಂದ?

ಹ್ಯಾಮ್ ಅಂದರೆ ಲೈಸೆನ್ಸ್ ತೆಗೆದುಕೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ದೂರದೂರಿಗೆ ಮಾತಾಡುವ ಹೊಸ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಕೇಳಿದರೆ ಒಂದು ಸ್ಕೂಟರಿನ ರೇಟು ಹೇಳುತ್ತಾರೆ. ಹೈಸ್ಕೂಲು ಮಕ್ಕಳು ಅಷ್ಟು ದುಡ್ಡು ಎಲ್ಲಿಂದ ತರಬೇಕು ಮಾರಾಯ್ರೇ? ಆದರೆ ಹಳೆ ಹ್ಯಾಮ್‌ಗಳ ಕಪಾಟಿನ ಮೇಲೆ ಸುಮ್ನೆ ಧೂಳು ತಿನ್ನುತ್ತಾ ಕೂತ ಸೆಟ್‌ಗಳು ಇರುತ್ತವೆ. ಅವು ಮಕ್ಕಳ ಕೈಗೆ ಬರುವ ದಾರಿ ಉಂಟು, ಸ್ವಲ್ಪ ಸುತ್ತಿನ ದಾರಿ.

ಮೊದಲು ಲೈಸೆನ್ಸ್. 12 ವರ್ಷ ತುಂಬಿದ್ದರೆ ಪರೀಕ್ಷೆ ಬರೆಯಬಹುದು. ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ರಿಸ್ಟ್ರಿಕ್ಟೆಡ್ ಅನ್ನುವ ಕೆಳಗಿನ ಗ್ರೇಡ್‌ಗೆ ಮೋರ್ಸ್ (ಚುಕ್ಕೆ-ಗೀಟಿನ ಸಂಕೇತ) ಬೇಡ. ಕಮ್ಮಿ ರೇಟಿಗೆ ಸಿಗುತ್ತದೆ ಅಂತ ಹ್ಯಾಮ್ ಬ್ಯಾಂಡಿನ ಚೀನಾ ಹ್ಯಾಂಡ್‌ಸೆಟ್ ಮೊದಲೇ ತರಿಸಿಬಿಡಬೇಡಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು.

ಲೈಸೆನ್ಸ್ ಬರುವವರೆಗೆ ಕೇಳುವ ಅಭ್ಯಾಸ ಮಾಡಿಸಿ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಅಂತ ಇಂಟರ್ನೆಟ್‌ನಲ್ಲಿ ಕೇಳುವ ರೇಡಿಯೋ ಒಂದಿದೆ, ಮೊಬೈಲಿನಲ್ಲೇ ಪುಕ್ಕಟೆ ಕೇಳಬಹುದು. ಒಂದು ನೋಟ್‌ಬುಕ್‌ನಲ್ಲಿ ಸಮಯ, ಫ್ರೀಕ್ವೆನ್ಸಿ, ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ಕೊಟ್ಟಿರುವ ಗುರುತಿನ ಅಕ್ಷರ-ಅಂಕಿ) ಬರೆದಿಡಲಿ. ಈ ಪುಸ್ತಕ ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಕೇಳುವ ಸರದಿ. ಇಲ್ಲೇ ಜಾಸ್ತಿ ಜನ ಎಡವುವುದು. ಹೋದ ಕೂಡಲೇ "ಸರ್, ಹಳೆ ಸೆಟ್ ಉಂಟಾ?" ಅಂದರೆ ಯಾರೂ ಕೊಡುವುದಿಲ್ಲ. "ಒಂದು ಭಾನುವಾರ ನಿಮ್ಮ ಶ್ಯಾಕ್ ನೋಡಲು ಬರಬಹುದಾ?" ಅಂತ ಕೇಳಿ (ಶ್ಯಾಕ್ ಅಂದರೆ ಹ್ಯಾಮ್‌ನ ರೇಡಿಯೋ ಕೋಣೆ), ಮಗುವಿನ ಆ ನೋಟ್‌ಬುಕ್ ಜೊತೆಗಿರಲಿ. ಎರಡು ಪುಟ ತಿರುವಿ ನೋಡಿದ ಮೇಲೆ ಹಿರಿಯರ ಮಾತಿನ ಧಾಟಿಯೇ ಬೇರೆ ಆಗುತ್ತದೆ. ತೀರಿಹೋದ ಹ್ಯಾಮ್‌ಗಳನ್ನು "ಸೈಲೆಂಟ್ ಕೀ" ಅನ್ನುತ್ತಾರೆ. ಅಂಥ ಮನೆಯವರಿಗೆ ಸೆಟ್ ಏನು ಮಾಡುವುದು ಅಂತ ಗೊತ್ತಿರುವುದಿಲ್ಲ, ಕೊನೆಗೆ ಗುಜರಿಗೆ ಹೋಗುತ್ತದೆ. ಅಲ್ಲಿಗೆ ನೀವೇ ನೇರ ಹೋಗಬೇಡಿ, ಅವರ ಗೆಳೆಯರಾಗಿದ್ದ ಹ್ಯಾಮ್ ಒಬ್ಬರನ್ನು ಮುಂದೆ ಬಿಡಿ. ದಾನವೇ ಆಗಬೇಕೆಂದಿಲ್ಲ, ಒಂದು ವರ್ಷಕ್ಕೆ ಎರವಲು ಕೊಟ್ಟರೂ ಆಯ್ತು. ಮಾಡೆಲ್, ಸೀರಿಯಲ್ ನಂಬರ್, ಇಬ್ಬರ ಕಾಲ್‌ಸೈನ್ ಕಾಗದದಲ್ಲಿ ಇರಲಿ.

ಸೆಟ್ ಸಿಕ್ಕಿತು ಅಂತ ತಕ್ಷಣ ಕರೆಂಟ್ ಕೊಡಬೇಡಿ. ನಮ್ಮ ಕಡಲ ಗಾಳಿಗೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಮೊದಲು ಅದನ್ನು ಉಜ್ಜಿ. ಹೆಚ್ಚಿನ ಸೆಟ್‌ಗಳಿಗೆ ಬೇಕಾದ್ದು 13.8 ವೋಲ್ಟ್, ಕೆಂಪು ಪಾಸಿಟಿವ್, ಕಪ್ಪು ನೆಗೆಟಿವ್. ನನಗೆ ಮೊದಲ ಸಲ ಎರವಲು ಸಿಕ್ಕಿದ ಸೆಟ್‌ಗೆ ನಾನು ಇದನ್ನೇ ಅದಲು ಬದಲು ಮಾಡಿದ್ದೆ. ಟಪ್ ಅಂತ ಒಂದು ಸದ್ದು, ಮೂಗಿಗೆ ಸುಟ್ಟ ವಾಸನೆ, ಹೊಟ್ಟೆಯೊಳಗೆ ಚಳಿ. ಪುಣ್ಯಕ್ಕೆ ಹೋದದ್ದು ಒಂದು ಡಯೋಡ್ ಮಾತ್ರ. ಇನ್ನೊಂದು ವಿಷಯ, ಆಂಟೆನಾ ಅಥವಾ ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕದೆ ಮೈಕ್ ಬಟನ್ ಒತ್ತಬಾರದು, ಸಿಗ್ನಲ್ ಹೊರಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್ ಸುಟ್ಟರೆ ರಿಪೇರಿಗೆ ತುಂಬಾ ದುಡ್ಡು.

ಎಲ್ಲೂ ಸಿಗಲಿಲ್ಲವಾ? ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟೆಕ್ಸ್ (BITX) ಅನ್ನುವ ಎಚ್‌ಎಫ್ ಸೆಟ್‌ನ ಡಿಸೈನ್ ಎಲ್ಲರಿಗೂ ತೆರೆದಿದೆ, ನೋಡಿಕೊಂಡು ಬೆಸುಗೆ ಹಾಕಿ ಕಟ್ಟಬಹುದು. ನನ್ನ ಕೇಳಿದರೆ ಮಕ್ಕಳಿಗೆ ಇದೇ ಒಳ್ಳೆಯದು.

ಆಂಟೆನಾಕ್ಕೆ ಮಾತ್ರ ದುಡ್ಡು ಹಾಕಲೇಬೇಡಿ. 7 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡಿಗೆ ಮನೆ ವೈರಿಂಗಿನ ತಾಮ್ರದ ತಂತಿ ಸಾಕು, ಆಚೆಗೆ 10 ಮೀಟರ್, ಈಚೆಗೆ 10 ಮೀಟರ್, ನಡುವಿನಿಂದ ಕೇಬಲ್. ಕಂಬ ಯಾಕೆ, ತೆಂಗಿನ ಮರ ಇದೆ ಅಲ್ವಾ? ಕಾಯಿ ಕೀಳಲು ಬಂದವರ ಕೈಯಲ್ಲೇ ನೈಲಾನ್ ಹಗ್ಗ ಮೇಲೆ ಹಾಕಿಸಿ, ತಂತಿಯ ನಡುಭಾಗ ಎಳೆದು ಏರಿಸಿ, ಎರಡು ತುದಿ ಕೆಳಗೆ ಕಟ್ಟಿ. ಕರೆಂಟ್ ಲೈನಿನಿಂದ ದೂರ ಇರಲಿ. ಬಿಗಿಯಾಗಿ ಎಳೆಯಬೇಡಿ, ಮರ ಗಾಳಿಗೆ ತೂಗುವಾಗ ಮೊದಲ ಮಳೆಗೇ ತುಂಡಾಗುತ್ತದೆ. ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾಗುವ ಮೊದಲೇ ಕೇಬಲ್ ಸೆಟ್‌ನಿಂದ ಕಿತ್ತು ಕಿಟಕಿಯ ಹೊರಗೆ ಬಿಡಿ.