ಹೊಸ ಗುಳಿಗೆ ನುಂಗಿದ ಮೇಲೆ ಮೈ ಕಡಿದರೆ

ಸಿಂಧನೂರಿನ ನನ್ನ ಮೆಡಿಕಲ್ ಶಾಪಿಗೆ ಮೈ ಕೆರೆದುಕೊಳ್ಳುತ್ತಾ ಬರುವವರು ‘ಬದನೆಕಾಯಿ ತಿಂದು ನಂಜಾಗೈತ್ರಿ, ಮುಲಾಮು ಕೊಡ್ರಿ’ ಅಂತಾರೆ. ನಾನು ಮೊದಲು ಕೇಳೋದೇ ಬೇರೆ. ಈ ಎರಡು ತಿಂಗಳಲ್ಲಿ ಹೊಸ ಗುಳಿಗೆ ಏನಾದರೂ ಶುರು ಮಾಡಿದ್ದೀರಾ?

‘ಅದು ಮುಗಿದು ಎರಡು ದಿನ ಆತಲ್ರಿ’ ಅನ್ನೋ ಉತ್ತರ ಬಂದರೂ ಅನುಮಾನ ಬಿಡಬೇಡಿ. ಗಾದರಿ ಏಳೋದಾದರೆ ಸಾಮಾನ್ಯವಾಗಿ ನುಂಗಿದ ಕೆಲವೇ ಗಂಟೆಗಳಲ್ಲಿ ಏಳುತ್ತೆ. ಎದೆ, ಬೆನ್ನಿನ ಮೇಲೆ ಸಣ್ಣ ಕೆಂಪು ಗುಳ್ಳೆ ಹರಡೋದು ಹೆಚ್ಚಾಗಿ 4ರಿಂದ 14 ದಿನಕ್ಕೆ. ಅಷ್ಟರಲ್ಲಿ ಆಂಟಿಬಯೋಟಿಕ್ ಕೋರ್ಸೇ ಮುಗಿದಿರುತ್ತೆ. ಫಿಟ್ಸಿನ ಫೆನಿಟಾಯಿನ್, ಕಾರ್ಬಮಜೆಪಿನ್, ಯೂರಿಕ್ ಆಸಿಡ್ಡಿನ ಅಲೋಪ್ಯೂರಿನಾಲ್ 2ರಿಂದ 8 ವಾರದ ಮೇಲೂ ಕಾಟ ಕೊಡಬಹುದು.

ಹಾಗಾಗಿ ಸ್ಟ್ರಿಪ್ ಎಸೆಯಬೇಡಿ. ಬಿಡಿ ಗುಳಿಗೆ ಕೊಂಡರೆ ಹೆಸರಿರುವ ತುಂಡನ್ನೇ ಕೇಳಿ. (ನಾವು ಕತ್ತರಿ ಆಡಿಸಿದಾಗ ಹೆಸರು ಅರ್ಧಕ್ಕೆ ಹೋಗೋದು ನಿಜ.) ಫೋಟೊ ತೆಗೆದು, ಶುರು ಮಾಡಿದ ತಾರೀಖು ಬರೆದಿಡಿ. ನೋವಿನ ಇಂಜೆಕ್ಷನ್, ನಾಟಿ ಔಷಧಿಯೂ ಲೆಕ್ಕಕ್ಕೆ ಬರುತ್ತವೆ.

ಭತ್ತದ ವ್ಯಾಪಾರ ಮಾಡುವ ಹಿರಿಯರೊಬ್ಬರ ಕೆಳತುಟಿಯಲ್ಲಿ ದುಂಡನೆಯ ಕಪ್ಪು ಕಲೆ ಇತ್ತು. ಬೀಡಿಯದು ಅಂತಿದ್ದರು. ವಿಚಾರಿಸಿದರೆ, ಭೇದಿ ಆದಾಗಲೆಲ್ಲ ಅದೇ ಗುಳಿಗೆ ನುಂಗೋರು. ಪ್ರತಿ ಸಲ ಅದೇ ಜಾಗ ಉರಿದು, ಕೆಂಪಾಗಿ, ಆಮೇಲೆ ಇನ್ನಷ್ಟು ಕಪ್ಪಾಗುತ್ತಿತ್ತು. ಹೀಗೆ ಅದೇ ಜಾಗದಲ್ಲಿ ಮತ್ತೆ ಬಂದರೆ ಔಷಧಿ ಮೇಲೇ ಅನುಮಾನ ಪಡಬೇಕು. ಚರ್ಮದ ಡಾಕ್ಟರು ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಔಷಧಿಯ ಹೆಸರು ಬರೆದುಕೊಟ್ಟರು. ಅದೇ ಸರಿ. ಒಂದೇ ಔಷಧಿ ಹತ್ತು ಹೆಸರಲ್ಲಿ ಬರುತ್ತೆ ಅಲ್ವಾ?

ಬರೀ ಕಡಿತ ಇದ್ದರೆ ಅವತ್ತೇ ಔಷಧಿ ಬರೆದ ಡಾಕ್ಟರಿಗೆ ಫೋನ್ ಮಾಡಿ. ಫಿಟ್ಸಿನ ಗುಳಿಗೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸಬಹುದು. ಸುಮ್ನೆ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ಗುರುತು ಮರೆಯಾಗುತ್ತೆ. ನಮ್ಮ ಬೇಸಿಗೆಯ ಬೆವರುಸಾಲೆಯೂ ಕಡಿಯುತ್ತೆ, ಆದರೆ ತಣ್ಣಗಿದ್ದರೆ ಇಳಿಯುತ್ತೆ.

ಬಾಯಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣು, ನೀರುಗುಳ್ಳೆ, ಚರ್ಮ ಸುಲಿಯೋದು, ಗುಳ್ಳೆ ಜೊತೆ ಜ್ವರ, ಮುಖ ಊದೋದು ಅಥವಾ ಉಸಿರು ಕಟ್ಟೋದು ಕಂಡರೆ ಮಾತ್ರ ಫೋನಲ್ಲಿ ಕೇಳುತ್ತಾ ಕೂರಬೇಡಿ. ಮುಂದಿನ ಡೋಸ್ ನುಂಗದೆ 108 ಕರೆಸಿ, ಸ್ಟ್ರಿಪ್ ಹಿಡಿದುಕೊಂಡೇ ದೊಡ್ಡಾಸ್ಪತ್ರೆಗೆ ಹೋಗಿ. ಗುಣವಾದ ಮೇಲೆ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು. ಔಷಧಿಯಿಂದಾದ ತೊಂದರೆ ದಾಖಲಿಸುವ ಸರ್ಕಾರದ ಉಚಿತ ನಂಬರ್ ಅದು.