‘ಎಕ್ಸ್‌ಪ್ಲೇನ್ ಮಿ’ ಬೇಡ, ‘ಪಿಕ್ ಅಪ್ ಇಟ್’ ಕೂಡ ಬೇಡ: ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದ ಹೊಸದರಲ್ಲಿ ನಮ್ಮವರಿಗೆ ಇಂಗ್ಲಿಷ್ ಉಚ್ಚಾರಣೆಯದೇ ಚಿಂತೆ. ಅದು ದಿನ ಕಳೆದಂತೆ ತಾನಾಗಿ ಹದಕ್ಕೆ ಬರುತ್ತದೆ, ಕೇಳುವವರೂ ನಮ್ಮ ಮಾತಿಗೆ ಹೊಂದಿಕೊಳ್ಳುತ್ತಾರೆ. ವರ್ಷಗಟ್ಟಲೆ ಸರಿಹೋಗದೆ ಉಳಿಯುವುದು ಬೇರೆ. ಮಿ, ಹಿಮ್, ಹರ್, ಇಟ್ ಎಂಬ ಪುಟ್ಟ ಸರ್ವನಾಮಗಳು ಟು, ಫಾರ್, ವಿತ್, ಆಫ್ ಜೊತೆ ಸೇರುವ ಕಡೆ ಆಗುವ ಎಡವಟ್ಟು ಅದು. ಅರ್ಥವಾದರೆ ಸಾಕು ಎಂದು ಯಾರೂ ತಿದ್ದುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂಲ ನಿಯಮ ನಿಮಗೆ ಆಗಲೇ ಗೊತ್ತು. ಕನ್ನಡದಲ್ಲಿ ‘ನಾನು ಜೊತೆ ಬಾ’ ಎನ್ನುವುದಿಲ್ಲ, ‘ನನ್ನ ಜೊತೆ ಬಾ’ ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಹಾಗೆಯೇ ರೂಪ ಬದಲಾಗುತ್ತದೆ: ವಿತ್ ಮಿ, ಫಾರ್ ಹಿಮ್, ಫ್ರಮ್ ಹರ್, ಅಬೌಟ್ ದೆಮ್. ನಮ್ಮಲ್ಲಿ ಸರ್ವನಾಮ ಮೊದಲು, ‘ಜೊತೆ’ ಆಮೇಲೆ, ಅಲ್ಲಿ ಉಲ್ಟಾ. ಯೂ, ಇಟ್ ಎರಡು ಮಾತ್ರ ಇದ್ದ ಹಾಗೇ ಇರುತ್ತವೆ. ಇಲ್ಲಿಯವರೆಗೆ ತಪ್ಪುವವರು ಕಡಿಮೆ.

ನಡುವೆ ‘ಆಂಡ್’ ಬಂದರೆ ಮಾತ್ರ ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ಜಾರುತ್ತಾರೆ. ‘ಬಿಟ್ವೀನ್ ಯೂ ಆಂಡ್ ಐ’ ಎಂದು ಅವರು ಹೇಳುವುದನ್ನು ನೀವೇ ಕೇಳುತ್ತೀರಿ. ಮಕ್ಕಳಿದ್ದಾಗ ‘ಮಿ ಆಂಡ್ ಟಾಮ್ ಆರ್ ಗೋಯಿಂಗ್’ ಎಂದರೆ ಮನೆಯಲ್ಲಿ, ಶಾಲೆಯಲ್ಲಿ ತಿದ್ದುತ್ತಾರೆ. ಆಗ ‘ಆಂಡ್ ಐ’ ಎಂಬುದೇ ಎಲ್ಲ ಕಡೆ ಮರ್ಯಾದೆಯ ರೂಪ ಅನ್ನಿಸಿಬಿಡುತ್ತದೆ. ಪರೀಕ್ಷೆ ಸುಲಭ: ಇನ್ನೊಬ್ಬರನ್ನು ವಾಕ್ಯದಿಂದ ತೆಗೆದು ಓದಿ. ‘ಸೆಂಡ್ ಇಟ್ ಟು ಮೈ ವೈಫ್ ಆಂಡ್ ಐ’ ಎಂದು ಬರೆದಿದ್ದೀರಾ? ‘ವೈಫ್’ ತೆಗೆದರೆ ‘ಸೆಂಡ್ ಇಟ್ ಟು ಐ’ ಉಳಿಯುತ್ತದೆ, ಅದು ಕಿವಿಗೇ ಹಿಡಿಸುವುದಿಲ್ಲ. ಹಾಗಾಗಿ ‘ಟು ಮೈ ವೈಫ್ ಆಂಡ್ ಮಿ’. ಐ, ಮಿ ಎರಡೂ ಬೇಡವೆಂದು ‘ಮೈಸೆಲ್ಫ್’ ಹಾಕಿ ತಪ್ಪಿಸಿಕೊಳ್ಳಬೇಡಿ. ‘ಬೈ ಮೈಸೆಲ್ಫ್’ ಎಂದರೆ ನಾನೊಬ್ಬನೇ, ಯಾರ ನೆರವಿಲ್ಲದೆ ಎಂದರ್ಥ. ಆ ಮಾತಿನ ಜಾಗ ಅದು. ಪರಿಚಯ ಹೇಳುವಾಗಲೂ ‘ಮೈಸೆಲ್ಫ್’ ಬಿಟ್ಟು ‘ಐ ಆಮ್’ ಎಂದು ಶುರುಮಾಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದದ್ದು ನಮ್ಮ ‘ಗೆ’ ಪ್ರತ್ಯಯದಿಂದ ಬರುವ ಗೊಂದಲವನ್ನು. ನನಗೆ ಹೇಳಿ, ನನಗೆ ಫೋನ್ ಮಾಡಿ, ನನಗೆ ವಿವರಿಸಿ, ನನಗೆ ಉತ್ತರ ಬರೆಯಿರಿ: ಎಲ್ಲದಕ್ಕೂ ಒಂದೇ ‘ಗೆ’ ಸಾಕು. ಇಂಗ್ಲಿಷಿನಲ್ಲಿ ಒಂದೊಂದು ಕ್ರಿಯಾಪದದ ದಾರಿ ಒಂದೊಂದು. ಟೆಲ್ ಮಿ, ಕಾಲ್ ಮಿ, ಆಸ್ಕ್ ಮಿ, ಹೆಲ್ಪ್ ಮಿ, ಇಲ್ಲೆಲ್ಲೂ ‘ಟು’ ಇಲ್ಲ. ಸೇ, ರಿಪ್ಲೈ, ಲಿಸನ್, ಎಕ್ಸ್‌ಪ್ಲೇನ್ ಬಂದರೆ ವ್ಯಕ್ತಿಯ ಮುಂದೆ ‘ಟು’ ಬೇಕೇ ಬೇಕು.

ಡಾಕ್ಟರ ಕೋಣೆಯಲ್ಲಿ ಕೂತಿದ್ದೀರಿ, ಮೇಜಿನ ಮೇಲೆ ರಕ್ತಪರೀಕ್ಷೆಯ ರಿಪೋರ್ಟ್ ಇದೆ ಎಂದುಕೊಳ್ಳಿ. ಬಾಯಿಗೆ ತಟ್ಟನೆ ಬರುವುದು ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದ ರಿಪೋರ್ಟ್’. ಹೇಳಬೇಕಾದದ್ದು ‘ಪ್ಲೀಸ್ ಎಕ್ಸ್‌ಪ್ಲೇನ್ ದ ರಿಪೋರ್ಟ್ ಟು ಮಿ’. ವಿಷಯ ಮೊದಲು, ಆಮೇಲೆ ‘ಟು’ ಮತ್ತು ವ್ಯಕ್ತಿ. ಇದಕ್ಕೊಂದು ಕಾರಣವೂ ಇದೆ. ಗಿವ್, ಸೆಂಡ್, ಶೋ, ಟೆಲ್ ಇಂಗ್ಲಿಷಿನ ಹಳೆಯ ಜರ್ಮ್ಯಾನಿಕ್ ಪದಗಳು. ‘ಶೋ ಮಿ ದ ರಿಪೋರ್ಟ್’, ‘ಶೋ ದ ರಿಪೋರ್ಟ್ ಟು ಮಿ’ ಎರಡೂ ನಡೆಯುತ್ತವೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಮೆನ್ಷನ್ ಲ್ಯಾಟಿನ್ ಮೂಲದವು. ಈ ಮೂಲದ ಬಹುಪಾಲು ಕ್ರಿಯಾಪದಗಳು ‘ಟು’ ಇರುವ ಕ್ರಮವನ್ನಷ್ಟೇ ಒಪ್ಪುತ್ತವೆ. ವಸ್ತುವೂ ಸರ್ವನಾಮವೇ ಆದರೆ ‘ಗಿವ್ ಇಟ್ ಟು ಮಿ’ ಎಲ್ಲ ಕಡೆ ಸಲ್ಲುತ್ತದೆ. ಬ್ರಿಟನ್ನಿನಲ್ಲಿ ಕೆಲವರು ‘ಗಿವ್ ಇಟ್ ಮಿ’ ಎನ್ನುವುದುಂಟು, ಕೇಳಿಸಿದರೆ ಗಾಬರಿಯಾಗಬೇಡಿ.

ಇದಕ್ಕೆ ಹತ್ತಿರದ್ದು ‘ನನ್ನ ಹತ್ತಿರ ಇದೆ’. ‘ಇಟ್ ಈಸ್ ವಿತ್ ಮಿ’ ಎಂದರೆ ಅರ್ಥವಾದೀತು, ಆದರೆ ದಿನಬಳಕೆಯ ಮಾತು ‘ಐ ಹ್ಯಾವ್ ಇಟ್’. ಯಾರಾದರೂ ‘ಡು ಯೂ ಹ್ಯಾವ್ ಎನಿ ಐಡಿ ಆನ್ ಯೂ?’ ಎಂದು ಕೇಳಿದರೆ, ಗುರುತಿನ ಚೀಟಿ ಈಗ ಜೇಬಿನಲ್ಲೋ ಚೀಲದಲ್ಲೋ ಇದೆಯಾ ಎಂದು ಕೇಳುತ್ತಿದ್ದಾರೆ. ಮನೆಯಲ್ಲಿದ್ದರೆ ಉತ್ತರ ‘ನೋ’. ಹಾಗೆಯೇ ‘ಡಿಸ್ಕಸ್ ಅಬೌಟ್ ಇಟ್’ ಅಲ್ಲ, ‘ಡಿಸ್ಕಸ್ ಇಟ್’.

ಇನ್ನೊಂದು ಕಷ್ಟ ‘ಪಿಕ್ ಅಪ್’ ಜಾತಿಯ ಜೋಡಿಪದಗಳದ್ದು. ‘ಪಿಕ್ ಅಪ್ ದ ಪಾರ್ಸೆಲ್’ ಸರಿ, ‘ಪಿಕ್ ದ ಪಾರ್ಸೆಲ್ ಅಪ್’ ಕೂಡ ಸರಿ. ಪಾರ್ಸೆಲ್ ಬದಲು ‘ಇಟ್’ ಬಂದರೆ ಅದಕ್ಕೆ ನಡುವೆ ಮಾತ್ರ ಜಾಗ: ‘ಪಿಕ್ ಇಟ್ ಅಪ್’. ಟರ್ನ್ ಇಟ್ ಆಫ್, ಫಿಲ್ ಇಟ್ ಔಟ್, ಕಾಲ್ ಹರ್ ಬ್ಯಾಕ್, ಡ್ರಾಪ್ ದೆಮ್ ಆಫ್, ಎಲ್ಲವೂ ಇದೇ ದಾರಿ. ಆದರೆ ವೇಟ್ ಫಾರ್ ಮಿ, ಲುಕ್ ಫಾರ್ ಇಟ್, ಲುಕ್ ಆಫ್ಟರ್ ಹಿಮ್ ಇವುಗಳಲ್ಲಿ ಸರ್ವನಾಮ ಕೊನೆಗೇ ಬರಬೇಕು. ಇಲ್ಲಿನ ಫಾರ್, ಆಫ್ಟರ್ ನಿಜವಾದ ಪ್ರಿಪೊಸಿಷನ್‌ಗಳು, ಅಂದರೆ ನಾಮಪದ, ಸರ್ವನಾಮಗಳಿಗೆ ಮುಂಚೆ ಬರುವ ಪದಗಳು. ಅಲ್ಲಿನ ಅಪ್, ಆಫ್ ಕ್ರಿಯಾಪದದ ಬಾಲ. ‘ಫಾರ್’ ಇದ್ದಾಗ ಕಿವಿಯಿಂದಲೂ ಗುರುತು ಸಿಗುತ್ತದೆ: ‘ಪಿಕ್ ಇಟ್ ಅಪ್’ನಲ್ಲಿ ‘ಅಪ್’ ಮೇಲೆ ಒತ್ತು ಬೀಳುತ್ತದೆ, ‘ವೇಟ್ ಫಾರ್ ಮಿ’ಯಲ್ಲಿ ‘ಫಾರ್’ ಕೇಳಿಸಿಯೂ ಕೇಳಿಸದ ಹಾಗೆ ‘ಫರ್’ ಎಂದು ಸರಿದುಹೋಗುತ್ತದೆ. ಹೊಸ ಜೋಡಿಪದ ಕಲಿಯುವಾಗಲೆಲ್ಲ ‘ಇಟ್’ ಸೇರಿಸಿಯೇ ಬಾಯಿಪಾಠ ಮಾಡಿ.

‘ಆಫ್’ (of) ವಿಷಯ ಚಿಕ್ಕದು, ‘ಟರ್ನ್ ಇಟ್ ಆಫ್’ನ ‘ಆಫ್’ (off) ಬೇರೆ. ನನ್ನ ಸ್ನೇಹಿತರಲ್ಲೊಬ್ಬ ಎನ್ನಲು ‘ಎ ಫ್ರೆಂಡ್ ಆಫ್ ಮೈನ್’, ‘ಆಫ್ ಮಿ’ ಅಲ್ಲ.

ಗೌರವದ ಮಾತೊಂದಿದೆ. ಮೇಲಧಿಕಾರಿಯನ್ನು, ಹಿರಿಯರನ್ನು ‘ಅವನು’, ‘ಅವಳು’ ಎಂದು ನಮ್ಮ ನಾಲಗೆ ಹೇಳುವುದಿಲ್ಲ, ಹಾಗಾಗಿ ‘ಹಿಮ್’, ‘ಹರ್’ ಎನ್ನಲೂ ಸಂಕೋಚ. ಇಂಗ್ಲಿಷಿನಲ್ಲಿ ಇವು ಒಂದಿಷ್ಟೂ ಅಗೌರವವಲ್ಲ. ಮ್ಯಾನೇಜರ್ ಹೆಂಗಸಾದರೆ ‘ಐ ಸ್ಪೋಕ್ ಟು ಹರ್’ ಎಂದು ಧೈರ್ಯವಾಗಿ ಹೇಳಿ. ಯಾರು ಎಂದೇ ಗೊತ್ತಿಲ್ಲದಾಗ ‘ಸಮ್‌ವನ್ ಕಾಲ್ಡ್, ಐ ಟೋಲ್ಡ್ ದೆಮ್ ಟು ವೇಟ್’ ಎನ್ನುವುದು ಸರಿ. ಒಬ್ಬರಿಗೇ ‘ದೇ’ ಎನ್ನುವ ಈ ಬಳಕೆ 14ನೇ ಶತಮಾನದಿಂದಲೂ ಇದೆ. ತಮ್ಮನ್ನು ‘ದೇ’, ‘ದೆಮ್’ ಎಂದೇ ಕರೆಯಿರಿ ಎಂದು ಕೇಳುವವರೂ ನಿಮಗೆ ಸಿಗುತ್ತಾರೆ. ಕೇಳಿದಂತೆ ಕರೆಯಿರಿ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದವಾಗಿ ‘ದೇ’ಯನ್ನೇ ಆರಿಸಿತ್ತು.

‘ಹೂ’ಗೆ ‘ಮಿ’, ‘ಹಿಮ್’ ಥರದ ರೂಪವಾದ ‘ಹೂಮ್’ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪ್ರಿಪೊಸಿಷನ್ ಅದರ ಮುಂಚೆ ಬಂದರೆ ‘ಹೂಮ್’ ಬೇಕು, ವಾಕ್ಯದ ಕೊನೆಗೆ ಹೋದರೆ ‘ಹೂ’ ಸಾಕು. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದೆಂದು 1672ರಲ್ಲೇ ಕವಿ ಜಾನ್ ಡ್ರೈಡನ್ ಆಕ್ಷೇಪ ಎತ್ತಿದ್ದ, ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಹೂ ಈಸ್ ಇಟ್ ಫಾರ್?’, ‘ಹೂ ಆರ್ ಯೂ ವೇಟಿಂಗ್ ಫಾರ್?’ ಎಂದೇ ಕೇಳುತ್ತಾರೆ, ನೀವೂ ಹಾಗೆಯೇ ಕೇಳಿ. ‘ಟು ಹೂಮ್’ ಬೇಕಾಗುವುದು ಹೆಚ್ಚಾಗಿ ಔಪಚಾರಿಕ ಪತ್ರಗಳಲ್ಲಿ. ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂಬ ಒಕ್ಕಣೆ ಅಲ್ಲಿ ಇನ್ನೂ ನಡೆಯುತ್ತದೆ.