ಒಣ ಋತುವಿನಲ್ಲಿ ಕಾಡು ಬಿಡುವ ನೀರನ್ನು ನಾನು ಅಳೆದ ಬಗೆ

ಮಳೆಯಿಲ್ಲದ ನಾಲ್ಕು ತಿಂಗಳಲ್ಲಿ ಉಷ್ಣವಲಯದ ನಿತ್ಯಹರಿದ್ವರ್ಣ ಕಾಡು ವಾತಾವರಣಕ್ಕೆ ಎಷ್ಟು ನೀರು ಬಿಡುತ್ತದೆ ಎಂಬುದನ್ನು ಕೈಯಲ್ಲೇ ಮಾಡಿಕೊಂಡ, ಕಾಂಡದಲ್ಲಿ ಏರುವ ನೀರಿನ ವೇಗ ತಿಳಿಸುವ ಸೂಜಿಗಳಾದ ಜೀವರಸ ಪ್ರೋಬ್‌ಗಳಿಂದ ಅಳೆಯಬಹುದು ಎಂದು ನಾನು ಹೇಳಿದಾಗ, ಕಾಡಿನಿಂದ ಮೇಲೇರುವ ಆವಿಯನ್ನು ಗಾಳಿಯಲ್ಲೇ ಅಳೆಯುವ ಫ್ಲಕ್ಸ್ ಟವರ್ ನಡೆಸುವ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಕಳೆದ ಎರಡು ಒಣ ಋತುಗಳಲ್ಲಿ ನನ್ನ ಲೆಕ್ಕ, ಶಕ್ತಿ ಸಮತೋಲನ ಸರಿಪಡಿಸಿದ (ಬಂದ ಶಕ್ತಿಗೂ ಹೋದ ಶಕ್ತಿಗೂ ತಾಳೆಹಾಕಿದ) ಟವರ್ ಲೆಕ್ಕಕ್ಕೆ ಹೆಚ್ಚುಕಡಿಮೆ ಶೇ. 10ರೊಳಗೆ ಬಂದು ನಿಂತಿದೆ. ಆದ್ದರಿಂದ ಈಗ ಬರೆಯುವ ಧೈರ್ಯ ಮಾಡಿದ್ದೇನೆ.

ವಿಧಾನ ಹೊಸದಲ್ಲ, ಫ್ರಾನ್ಸಿನ ವಿಜ್ಞಾನಿ ಗ್ರಾನಿಯೆ 1985ರಲ್ಲಿ ಪ್ರಕಟಿಸಿದ ಉಷ್ಣ ಚದುರಿಕೆಯ ವಿಧಾನವೇ: ಕಾಂಡಕ್ಕೆ ಚುಚ್ಚಿದ ಎರಡು ಸೂಜಿಗಳಲ್ಲಿ ಒಂದನ್ನು ಮಾತ್ರ ಕಾಯಿಸುತ್ತೇವೆ; ಹರಿವು ಹೆಚ್ಚಿದಷ್ಟೂ ಅದರ ಬಿಸಿ ಕೊಚ್ಚಿಹೋಗಿ, ಎರಡರ ನಡುವಿನ ತಾಪಾಂತರ ಕಡಿಮೆಯಾಗುತ್ತದೆ. ತಯಾರಾದ ಒಂದು ಜೋಡಿ ಪ್ರೋಬ್‌ನ ಬೆಲೆಯಲ್ಲಿ ನಾನು ಹನ್ನೆರಡು ಹದಿಮೂರು ಜೋಡಿ ಮಾಡಿಕೊಂಡೆ. ಹಣ ಉಳಿಯಿತೆಂದು ಹಿಗ್ಗಿದ್ದು ಮೊದಲ ವರ್ಷ ಮಾತ್ರ. ಒಂದೊಂದು ಹೀಟರ್‌ಗೆ 0.2 ವಾಟ್ ಎಂದರೆ ಕಡಿಮೆಯೆನಿಸುತ್ತದೆ, ಆದರೆ ದಟ್ಟ ನೆರಳಿನಲ್ಲಿ ಸೌರಫಲಕ ಕೆಲಸಕ್ಕೆ ಬಾರದು. 24 ಹೀಟರ್‌ಗಳಿಗೆ ಐದಾರು ದಿನಕ್ಕೊಮ್ಮೆ ಬ್ಯಾಟರಿ ಹೊತ್ತು ಬದಲಿಸಬೇಕಾಯಿತು. ಇಲಿ ಹೆಗ್ಗಣಗಳು ಕೇಬಲ್ ಕಡಿದದ್ದರಿಂದ ಆದ ನಷ್ಟ, ಪ್ರೋಬ್‌ಗಳಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು. ಅನುದಾನದ ಅರ್ಧಕ್ಕೂ ಮಿಕ್ಕಿ ಹಣ ಬ್ಯಾಟರಿ, ಕೇಬಲ್ ಮತ್ತು ಹೊರುವವರ ಕೂಲಿಗೇ ಹೋಯಿತು.

ನನ್ನನ್ನು ನಿಜವಾಗಿ ದಾರಿ ತಪ್ಪಿಸಿದ್ದು ಸೋಲಲ್ಲ, ಮೊದಲ ವರ್ಷದ ಗೆಲುವು. ಆ ಮಳೆಗಾಲದಲ್ಲಿ ನನ್ನ ಅಂಕಿ ಟವರ್‌ನ ಅಂಕಿಗೆ ಸೊಗಸಾಗಿ ಹೊಂದಿತ್ತು. ಒಣ ಋತು ಬರುತ್ತಲೇ ನನ್ನದು ಅರ್ಧಕ್ಕೆ ಕುಸಿಯಿತು, ಟವರ್‌ನದು ಕುಸಿಯಲಿಲ್ಲ. ಪ್ರೋಬ್ ವಿಧಾನ ಇಲ್ಲಿಗೆ ಸಲ್ಲದು ಎಂದು ಎಲ್ಲರೂ ತೀರ್ಪು ಕೊಟ್ಟದ್ದು ಆಗಲೇ. ಎರಡು ವರ್ಷ ತಡಕಾಡಿದ ಮೇಲೆ ತಿಳಿದದ್ದೇನೆಂದರೆ, ಮಳೆಗಾಲದಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ತಾಪಾಂತರದಿಂದ ಹರಿವನ್ನು ಲೆಕ್ಕಹಾಕುವ ಮೂಲ ಸಮೀಕರಣದ ಗುಣಾಂಕಗಳು ಎರಡು ಶಂಕುಧಾರಿ ಮರಗಳು, ಒಂದು ಓಕ್ ಮತ್ತು ಮರದ ಪುಡಿಯ ಮೇಲೆ ಪಡೆದವು; ಅಗಲ ನಾಳಗಳ ನಮ್ಮ ಮರಗಳಲ್ಲಿ ಅವು ಹರಿವನ್ನು ಕಡಿಮೆ ತೋರಿಸುತ್ತಿದ್ದವು. ಇನ್ನೊಂದು ಕಡೆ, ಹೊರಗಿನ 2 ಸೆಂಟಿಮೀಟರಿನ ವೇಗವನ್ನೇ ಇಡೀ ರಸಕಾಷ್ಠಕ್ಕೆ (ಕಾಂಡದಲ್ಲಿ ನೀರು ಸಾಗುವ ಭಾಗಕ್ಕೆ) ಹಚ್ಚಿ ನಾನು ಲೆಕ್ಕವನ್ನು ಉಬ್ಬಿಸುತ್ತಿದ್ದೆ. ಒಣ ಋತುವಿನಲ್ಲಿ ಹೊರಪದರ ಸೊರಗಿದಾಗ ಆ ಹೊಂದಾಣಿಕೆ ಮುರಿದುಬಿತ್ತು.

ಬಿರುಗಾಳಿಗೆ ಉರುಳಿದ ಮರಗಳ ಹಸಿ ಕಾಂಡದ ತುಂಡುಗಳಲ್ಲಿ ಒತ್ತಡದಿಂದ ನೀರು ಹರಿಸಿ, ಹೊರಬಿದ್ದ ನೀರನ್ನು ತಕ್ಕಡಿಯಲ್ಲಿ ತೂಗಿ, ಏಳು ಜಾತಿಗಳಿಗೆ ಬೇರೆಬೇರೆ ಗುಣಾಂಕ ಪಡೆದೆ. ಆಮೇಲೆ 2, 5 ಮತ್ತು 9 ಸೆಂಟಿಮೀಟರ್ ಆಳಕ್ಕೆ ಪ್ರೋಬ್ ಇಳಿಸಿದೆ. ಮಳೆ ನಿಂತು ಮೂರು ತಿಂಗಳಾದರೂ ಒಳಗಿನ ಪದರಗಳಲ್ಲಿ ಹರಿವು ನಡೆದೇ ಇತ್ತು. ಆ ರೇಖೆಯನ್ನು ಮೊದಲ ಸಲ ಕಂಡ ದಿನ ನನಗಾದ ಸಂತೋಷವನ್ನು ಮರೆಯಲಾರೆ. ಉಳಿದದ್ದು ಶೂನ್ಯದ ಸಮಸ್ಯೆ, ಅಂದರೆ ಹರಿವೇ ಇಲ್ಲದ ಹೊತ್ತನ್ನು ಗುರುತಿಸುವುದು. ಒಣ ರಾತ್ರಿಗಳಲ್ಲಿ ಗಾಳಿ ಪೂರ್ತಿ ತೇವವಾಗುವುದಿಲ್ಲ, ಕಾಂಡವೂ ನೀರು ತುಂಬಿಕೊಳ್ಳುತ್ತಿರುತ್ತದೆ. ಆದ್ದರಿಂದ ರಾತ್ರಿಯ ಗರಿಷ್ಠ ತಾಪಾಂತರವನ್ನೇ ಶೂನ್ಯ ಹರಿವೆಂದು ಹಿಡಿದರೆ ಹಗಲಿನ ಲೆಕ್ಕ ತಗ್ಗುತ್ತದೆ. ಯಾವ ರಾತ್ರಿಗಳನ್ನು ಆರಿಸಬೇಕೆಂಬ ನನ್ನ ನಿಯಮವನ್ನೂ, ಗಾಯದ ಅಂಚು ಬೇಗ ಮುಚ್ಚದಂತೆ ಸೂಜಿಗೆ ಬಳಿಯುವ ಲೇಪವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಪಕ್ಕಬೇರುಗಳಿಗೂ ಪ್ರೋಬ್ ಚುಚ್ಚಿ, ರಾತ್ರಿ ಆಳದ ನೀರು ಮೇಲ್ಮಣ್ಣಿಗೆ ಬರುತ್ತದೆಯೇ ಎಂದು ನೋಡಿದೆ. ಈ ವಿಧಾನಕ್ಕೆ ಹರಿವಿನ ದಿಕ್ಕು ತಿಳಿಯದು ಎಂಬುದನ್ನು ಉತ್ಸಾಹದಲ್ಲಿ ಮರೆತಿದ್ದೆ. ಒಂದು ತಿಂಗಳ ದತ್ತಾಂಶ ವ್ಯರ್ಥವಾಯಿತು. ಪಕ್ಕದ ಹುಲ್ಲುಗಾವಲಿನಲ್ಲಿ ನಡೆಸಿದ ಸಣ್ಣ ಪ್ರಯೋಗ ಹೆಚ್ಚು ಫಲ ಕೊಟ್ಟಿತು. ಅಲ್ಲಿನ ಆಲ್ಬೆಡೊ, ಅಂದರೆ ಬಿದ್ದ ಬಿಸಿಲಿನಲ್ಲಿ ಹಿಂದಕ್ಕೆ ಹೋಗುವ ಪಾಲು, ಸುಮಾರು 0.18, ಕಾಡಿನದು 0.13. ಹುಲ್ಲು ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸಿಯೂ ಮಧ್ಯಾಹ್ನ ಅದರ ಮೇಲ್ಮೈ ಕಾಡಿನ ಚಾವಣಿಗಿಂತ ಏಳೆಂಟು ಡಿಗ್ರಿ ಬಿಸಿಯಾಗಿತ್ತು, ಏಕೆಂದರೆ ಒಣಗಿದ ಹುಲ್ಲಿನಲ್ಲಿ ಗುಪ್ತೋಷ್ಣವಾಗಿ (ನೀರನ್ನು ಆವಿಯಾಗಿಸುವ ಶಾಖವಾಗಿ) ಹೋಗಬೇಕಾದ ಶಕ್ತಿಗೆ ನೀರೇ ಇರಲಿಲ್ಲ.

ದಿನಕ್ಕೆ 1 ಮಿಲಿಮೀಟರ್ ನೀರು ಆವಿಯಾಗಲು ದಿನದ ಸರಾಸರಿಯಲ್ಲಿ ಚದರ ಮೀಟರಿಗೆ ಸುಮಾರು 28 ವಾಟ್ ಬೇಕು. ಅತ್ಯಂತ ಒಣಗಿದ ತಿಂಗಳಲ್ಲೂ ನಮ್ಮ ಕಾಡು 3 ಮಿಲಿಮೀಟರಿನ ಆಸುಪಾಸು ಬಿಡುತ್ತಿತ್ತು. ನೆಲ, ಗಿಡ ಮತ್ತು ಗಾಳಿಯ ನಡುವಿನ ನೀರು, ಶಾಖಗಳ ವಿನಿಮಯವನ್ನು ಲೆಕ್ಕಹಾಕಲು ನಾವು ಬಳಸುತ್ತಿದ್ದ ಭೂಮೇಲ್ಮೈ ಮಾದರಿಯಲ್ಲಿ ಮಣ್ಣಿನ ಆಳ 2 ಮೀಟರ್ ಮಾತ್ರ ಇದ್ದುದರಿಂದ, ಅದೇ ತಿಂಗಳಲ್ಲಿ ಬಾಷ್ಪವಿಸರ್ಜನೆ (ಎಲೆಗಳಿಂದ ನೀರು ಆವಿಯಾಗುವುದು) ಬಹುತೇಕ ನಿಂತು ಗಾಳಿ ಬಿಸಿಯಾಗುತ್ತಿತ್ತು. ಪೂರ್ವ ಅಮೆಜಾನಿನ ಪರಗೊಮಿನಾಸ್‌ನಲ್ಲಿ ಬೇರುಗಳು 8 ಮೀಟರಿಗಿಂತ ಕೆಳಗಿನಿಂದ ನೀರೆತ್ತುತ್ತವೆ ಎಂಬುದು 1994ರಲ್ಲೇ ಪ್ರಕಟವಾಗಿದ್ದರೂ, ಮಾದರಿಯ ಆಳವನ್ನು ಬದಲಿಸಲು ತಂಡ ಹಿಂಜರಿಯುತ್ತಿತ್ತು. ಒಳಪದರದ ರೇಖೆಗಳನ್ನು ಮುಂದಿಟ್ಟ ಮೇಲೆ 10 ಮೀಟರ್ ಮಾಡಿದೆವು. ಮಾದರಿಯ ಮಧ್ಯಾಹ್ನದ ತಾಪ ಎರಡು ಡಿಗ್ರಿಯಷ್ಟು ಇಳಿದು ಟವರ್‌ನ ಅಳತೆಗೆ ಹತ್ತಿರ ಬಂತು. ಈಗ ಬಳ್ಳಿಗಳು ಬಾಕಿ ಇವೆ. ಅವುಗಳ ತೆಳು ಕಾಂಡಕ್ಕೆಂದು 1 ಸೆಂಟಿಮೀಟರಿನ ಹನ್ನೆರಡು ಪ್ರೋಬ್‌ಗಳನ್ನು ಕಳೆದ ವಾರ ಬೆಸೆದು ಮುಗಿಸಿದ್ದೇನೆ.